ಕ್ರಿಸ್ಮಸ್ ಹಬ್ಬವೂ ಉಪಕಾರಸ್ಮರಣೆಯೂ

(ಕ್ರಿಸ್ಮಸ್ ರಜೆಗೆ ಮುನ್ನ ಶಾಲೆಯಲ್ಲಿ ನಡೆದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪರೀಕ್ಷೆಗಳು ಮುಗಿದು ನಾಳೆಯಿಂದ ರಜೆ ಆರಂಭವಾಗಲಿದೆ. ನಮ್ಮ ಕಾಸರಗೋಡು ಸೀಮೆಯಲ್ಲಿ ಕ್ರಿಸ್ಮಸ್ ಹಬ್ಬವು ಒಂದು ಮತದವರ ಅಂಗಳದಲ್ಲಿಯೇ ನಿಲ್ಲುವಂಥದಲ್ಲ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ನೆವ್ರಿ, ಕುಲ್ಕುಲ್ ಮೊದಲಾದ ‘ಕುಸ್ವಾರ್’ ತಿಂಡಿಗಳು ಸಿದ್ಧವಾಗುತ್ತವೆ. ನೆರೆಯ ಹಿಂದೂ, ಮುಸಲ್ಮಾನ ಮನೆಗಳಿಗೂ ತಟ್ಟೆಗಳು ಬರುತ್ತವೆ. ಹಾಗೆ ಬಂದ ತಟ್ಟೆಯನ್ನು ನಮ್ಮ ತಾಯಂದಿರು ಬರಿದಾಗಿ ಹಿಂದಿರುಗಿಸುವುದಿಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಇಟ್ಟು ಕಳುಹುತ್ತಾರೆ.

ಕೊಡುವುದು ಹೇಗೆಂಬುದನ್ನು ಕ್ರೈಸ್ತ ಧರ್ಮಗ್ರಂಥವು ಬಹು ಸೂಕ್ಷ್ಮವಾಗಿ ವಿಚಾರಿಸಿದೆ. ದೇವಾಲಯದ ಕಾಣಿಕೆಯ ಪೆಟ್ಟಿಗೆಗೆ ಸಿರಿವಂತರು ಹೇರಳವಾಗಿ ಹಾಕುತ್ತಿದ್ದಾಗ ಬಡ ವಿಧವೆಯೊಬ್ಬಳು ಎರಡೇ ಕಾಸುಗಳನ್ನು ಹಾಕಿದಳು. ಅವಳ ಕಾಣಿಕೆಯೇ ಎಲ್ಲಕ್ಕೂ ಮಿಗಿಲೆಂದು ಯೇಸು ಎಣಿಸಿದನು. ಅವಳ ಬಳಿ ಮತ್ತೇನೂ ಉಳಿದಿರಲಿಲ್ಲ. ಮಕ್ಕಳು ಇಂದು ಕೆಂಪಂಗಿಯಲ್ಲಿ ಕಾಣುವ ಕ್ರಿಸ್ಮಸ್ ತಾತನ ಮೂಲಪುರುಷ ಸಂತ ನಿಕೋಲಾಸನು ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿಯಲ್ಲಿರುವ ಮೈರಾ ಪಟ್ಟಣದ ಬಿಷಪನಾಗಿದ್ದನು. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ವಿವಾಹಕ್ಕೆಂದು ಆತನು ಇರುಳಿನಲ್ಲಿ ಹೊನ್ನಿನ ಗಂಟುಗಳನ್ನು ಕಿಟಕಿಯಿಂದ ಒಳಕ್ಕೆಸೆದನೆಂದು ಐತಿಹ್ಯವುಂಟು. ಹಗಲಿನಲ್ಲಿ ಕೊಟ್ಟಿದ್ದರೆ ಆ ತಂದೆಯ ತಲೆ ತಗ್ಗುತ್ತಿತ್ತು.

ಪಡೆದವರ ಕಥೆಯೂ ಅಲ್ಲಿಯೇ ಇದೆ. ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದರು. ವಂದನೆ ಹೇಳಲು ಮರಳಿ ಬಂದವನು ಒಬ್ಬನೇ. ಅವನೂ ಯೆಹೂದ್ಯರು ಹೊರಗಿನವನೆಂದು ತಿಳಿಯುತ್ತಿದ್ದ ಸಮಾರ್ಯದವನು!

ಆ ಒಂಬತ್ತು ಮಂದಿಯ ಸಾಲಿನಲ್ಲಿ ಕನ್ನಡಿಗರಾದ ನಾವೂ ನಿಲ್ಲಬಾರದಲ್ಲವೇ? ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕಾಸರಗೋಡು 1956ರವರೆಗೆ ಅದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1843ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಈ ಹೆಸರುಗಳನ್ನು ನಾವೆಲ್ಲರೂ ಬಲ್ಲೆವು. ಆದರೆ ಇಂಥ ಕಾರ್ಯಕ್ಕೆ ಹಣವೆಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬಾಸೆಲಿನಲ್ಲಿ ‘ಅರ್ಧ ಬಾಟ್ಸೆನ್’ ವಂತಿಗೆಯೆಂಬುದು ಮೊದಲಾಯಿತು. ಬಾಟ್ಸೆನ್ ಎಂಬುದು ಆ ನಾಡಿನ ಹಳೆಯ ಚಿಲ್ಲರೆ ನಾಣ್ಯ. ವಾರಕ್ಕೆ ಅದರ ಅರ್ಧದಷ್ಟನ್ನು ಸಾಮಾನ್ಯ ಜನರು ಕೊಡುತ್ತಿದ್ದರು. ಅದು ಮಿಷನ್ನಿನ ಮುಖ್ಯ ವರಮಾನಗಳಲ್ಲೊಂದಾಯಿತು. ಕೊಟ್ಟವರು ಕನ್ನಡದ ಒಂದಕ್ಷರವನ್ನೂ ಕಂಡವರಲ್ಲ. ಅವರ ಉದ್ದೇಶವು ಸ್ವಮತ ಪ್ರಸಾರವಾಗಿತ್ತೆಂಬುದನ್ನು ಮರೆಮಾಚಬೇಕಾದುದಿಲ್ಲ. ಅದನ್ನೊಪ್ಪದವರೂ ನಿಘಂಟನ್ನು ಬಿಡಿಸಿ ನೋಡುತ್ತಲೇ ಇದ್ದಾರೆ. ಕೊಟ್ಟವರ ಅಭಿಪ್ರಾಯವನ್ನೆಲ್ಲ ಒಪ್ಪಿದ ಮೇಲೆಯೇ ಕೃತಜ್ಞರಾಗುತ್ತೇವೆಂದರೆ, ಜಗತ್ತಿನಲ್ಲಿ ಯಾರಿಗೂ ಕೃತಜ್ಞರಾಗುವಂತಿಲ್ಲ.

ಗಡಿಯಾಚೆ ಉಳಿದ ನಮ್ಮ ಈ ಕನ್ನಡ ಶಾಲೆಯ ಸ್ಥಿತಿಯೂ ಬೇರೆಯಲ್ಲ. ಪುಸ್ತಕಭಂಡಾರ, ಬಡ ಮಕ್ಕಳ ಸಮವಸ್ತ್ರ, ಮಳೆಗಾಲದ ಮಾಡಿನ ದುರಸ್ತಿ ಇವೆಲ್ಲ ದಾನಿಗಳ ಕೈಯಿಂದಲೇ ನಡೆಯುತ್ತಿವೆ. ದೊಡ್ಡ ಮೊತ್ತ ಕೊಟ್ಟವರ ಹೆಸರು ಗೋಡೆಯ ಮೇಲಿದೆ. ಬೀಡಿ ಕಟ್ಟಿ ಉಳಿಸಿದ ಹಣದಲ್ಲಿ ವರ್ಷವರ್ಷವೂ ಹತ್ತು ರೂಪಾಯಿಯ ನೋಟೊಂದನ್ನು ಮಡಚಿ ತಂದುಕೊಡುವ ತಾಯಂದಿರ ಹೆಸರು ಎಲ್ಲಿದೆ?

ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ದಾನಿಗಳ ಪಟ್ಟಿಯನ್ನು ಮೊತ್ತ ಕಾಣಿಸದೆ ಅಕಾರಾದಿಯಾಗಿ ಅಚ್ಚು ಮಾಡಬೇಕೆಂದು ಸಂಘವನ್ನು ಬೇಡಿಕೊಂಡೆವು. ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ. ದೀರ್ಘವಾದ ಚರ್ಚೆಯ ತರುವಾಯ ಒಪ್ಪಿದರು. ಅವರಿಗೂ ವಂದನೆಗಳು.

ಮಕ್ಕಳೇ, ನಿಮಗೊಂದು ರಜೆಯ ಕೆಲಸವಿದೆ. ಆ ಪಟ್ಟಿಯ ಒಂದೊಂದು ಹೆಸರನ್ನು ಒಬ್ಬೊಬ್ಬರಿಗೆ ಹಂಚಿಕೊಟ್ಟಿದ್ದೇವೆ. ಅವರಿಗೆ ಕನ್ನಡದಲ್ಲಿ ಒಂದು ಅಂಚೆಕಾರ್ಡು ಬರೆಯಿರಿ. ಅಕ್ಷರ ದುಂಡಾಗಿರಲಿ, ಕಾಗುಣಿತವನ್ನು ಶಾಲೆ ತೆರೆದ ದಿನ ನಾವು ನೋಡಿಕೊಡುತ್ತೇವೆ.