ಮಿಸಿಸಿಪಿಯ ಹುಡುಗ ಮತ್ತು ಹಕ್ಕಿಗಳ ಗೋರಿ



ತಂದೆ ಮನೆಗೆ ಬಂದರೆ ತಲೆಯೆತ್ತಿ ನೋಡದ, ತಾಯಿ ಹೊರಟುಹೋದರೆ ಅಳದ, ಬಂಧುಗಳ ಮುದ್ದಿಗೆ ಮುಖವರಳಿಸದ ಕೂಸನ್ನು ಕಂಡವರು, ಅದರ ಎದೆಯಲ್ಲಿ ಪ್ರೀತಿಯೂ ಇಲ್ಲ, ಶೋಕವೂ ಇಲ್ಲವೆಂದು ತೀರ್ಮಾನಿಸಿಬಿಡುವುದು ಬಹುಕಾಲದಿಂದ ನಡೆದುಬಂದಿದೆ. ಆಟಿಸಂ ಎಂದು ಇಂದು ನಾವು ಕರೆಯುವ ಸ್ಥಿತಿಯಲ್ಲಿರುವ ಎಳೆಯ ಮಕ್ಕಳ ಭಾವಜೀವನವನ್ನು ವೈದ್ಯರು ಹೇಗೆ ಕಂಡರು, ಕಂಡೂ ಹೇಗೆ ಕಾಣದೆ ಹೋದರು ಎಂಬ ವೃತ್ತಾಂತವು ಅನೇಕ ವರ್ಷಗಳಿಂದ ನನ್ನ ಮನಸ್ಸನ್ನು ಹಿಡಿದು ನಿಂತಿದೆ.

ಗ್ರುನ್ಯಾ ಸುಖರೇವಾ ಎಂಬ ಸೋವಿಯತ್ ವೈದ್ಯೆ 1925ರಲ್ಲಿಯೇ ಇಂಥ ಆರು ಬಾಲಕರನ್ನು ಕುರಿತು ರಷ್ಯನ್ ಭಾಷೆಯಲ್ಲಿಯೂ, ಮರುವರ್ಷ ಜರ್ಮನ್ ಭಾಷೆಯಲ್ಲಿಯೂ ಬರೆದಿದ್ದಳು. ಆಕೆಯ ಹೆಸರನ್ನು ಲೋಕವು ದಶಕಗಳ ಕಾಲ ಮರೆತಿತ್ತೆಂಬುದು ಖೇದದ ಸಂಗತಿ. ಕೀರ್ತಿಯು ಸಂದದ್ದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿದ್ದ ಲಿಯೋ ಕ್ಯಾನರರಿಗೆ.

1938ರಲ್ಲಿ ಮಿಸಿಸಿಪಿ ಪ್ರಾಂತದ ಫಾರೆಸ್ಟ್ ಎಂಬ ಸಣ್ಣ ಊರಿನ ಒಬ್ಬ ವಕೀಲರು ತಮ್ಮ ಐದು ವರ್ಷದ ಮಗ ಡೊನಾಲ್ಡನ ವಿಷಯವಾಗಿ ಮೂವತ್ತಮೂರು ಪುಟಗಳ ಬೆರಳಚ್ಚಿನ ಪತ್ರವೊಂದನ್ನು ಕ್ಯಾನರರಿಗೆ ಬರೆದರು. ಒಂದು ವರ್ಷದವನಿದ್ದಾಗಲೇ ರಾಗಗಳನ್ನು ತಪ್ಪದೆ ಗುನುಗುತ್ತಿದ್ದ, ಎರಡು ವರ್ಷ ತುಂಬುವಷ್ಟರಲ್ಲಿ ಚರ್ಚಿನ ಪ್ರಶ್ನೋತ್ತರಗಳನ್ನು ಕಂಠಸ್ಥಮಾಡಿಕೊಂಡಿದ್ದ, ತಿರುಗುವ ವಸ್ತು ಯಾವುದನ್ನು ಕಂಡರೂ ಆನಂದದಿಂದ ಕುಣಿದಾಡುತ್ತಿದ್ದ ಆ ಮಗು, ವೇಷ ಧರಿಸಿ ಬಂದ ಸಾಂತಾಕ್ಲಾಸನನ್ನು ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲವಂತೆ! ಕ್ಯಾನರರು ಇವನನ್ನು ಮೊದಲಿಗನನ್ನಾಗಿಟ್ಟು, ಒಟ್ಟು ಹನ್ನೊಂದು ಮಕ್ಕಳ ವೃತ್ತಾಂತವನ್ನು 1943ರಲ್ಲಿ ಪ್ರಕಟಿಸಿದರು. ಅನ್ಯರೊಡನೆ ಭಾವಸಂಪರ್ಕವನ್ನು ಬೆಳೆಸುವ ಶಕ್ತಿಯು ಇವರಿಗೆ ಹುಟ್ಟಿನಿಂದಲೇ ಕುಂಠಿತವಾಗಿದೆ ಎಂಬುದು ಅವರ ನಿರ್ಣಯ.

ಆದರೆ ಅದೇ ಲೇಖನವನ್ನು ನಿಧಾನವಾಗಿ ಓದಿದರೆ ಪುಟಪುಟದಲ್ಲಿಯೂ ಭಾವವು ತುಂಬಿ ತುಳುಕುವುದು ಕಾಣುತ್ತದೆ. ಗಾಳಿಯ ಸದ್ದಿಗೆ, ಲಿಫ್ಟಿನ ಸದ್ದಿಗೆ, ಅಡಿಗೆಮನೆಯಲ್ಲಿ ಮೊಟ್ಟೆ ಕಡೆಯುವ ಯಂತ್ರದ ಸದ್ದಿಗೆ ಈ ಮಕ್ಕಳು ಭಯದಿಂದ ತತ್ತರಿಸುತ್ತಿದ್ದರು. ಸೂಜಿ ಚುಚ್ಚಿದಾಗ ಸೂಜಿಗೆ ಹೆದರುತ್ತಿದ್ದರು, ಚುಚ್ಚಿದವರಿಗಲ್ಲ. ಆಟಕ್ಕೆ ಅಡ್ಡಬಂದ ಕೈಯನ್ನು ಕೋಪದಿಂದ ತಳ್ಳುತ್ತಿದ್ದರು, ಆ ಕೈ ಯಾರದೆಂದು ನೋಡುತ್ತಿರಲಿಲ್ಲ. ಭಯವೂ ಕೋಪವೂ ಹರ್ಷವೂ ಅಲ್ಲಿದ್ದುವು. ನಾವು ನಿರೀಕ್ಷಿಸುವ ದಿಕ್ಕಿಗೆ ಅವು ಮುಖಮಾಡಿರಲಿಲ್ಲ.

1942ರಲ್ಲಿ ಡೊನಾಲ್ಡನನ್ನು ಹುಟ್ಟೂರಿಗೆ ಹತ್ತು ಮೈಲಿ ದೂರದ ಒಬ್ಬ ರೈತನ ಮನೆಯಲ್ಲಿ ಬಿಡಲಾಯಿತು. ಆ ದಂಪತಿಗಳ ವಿಷಯವನ್ನು ಓದಿದಾಗಲೆಲ್ಲ ನನಗೆ ಕೈಮುಗಿಯಬೇಕೆನ್ನಿಸುತ್ತದೆ. ಹುಡುಗನಿಗೆ ಅಳೆಯುವ ಹುಚ್ಚು. ರೈತನು ಅವನಿಂದ ಬಾವಿ ತೋಡಿಸಿ ಆಳವೆಷ್ಟೆಂದು ಕೇಳಿದನು. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನಿಗೆ, ಉಳುತ್ತ ಉಳುತ್ತಲೇ ಎಣಿಸು ಎಂದು ನೇಗಿಲು ಕೊಟ್ಟನು. ಸತ್ತ ಹಕ್ಕಿಗಳನ್ನೂ ಹುಳುಗಳನ್ನೂ ಅವನು ಆಯ್ದು ತರತೊಡಗಿದಾಗ, ಬೇರೆ ಯಾರಾದರೂ ಆಗಿದ್ದರೆ ಗದರಿಸುತ್ತಿದ್ದರು. ಈತನಾದರೋ ಸ್ಮಶಾನಕ್ಕೆಂದು ಒಂದು ತುಂಡು ನೆಲವನ್ನೇ ಬಿಟ್ಟುಕೊಟ್ಟನು. ಹುಡುಗನು ಪ್ರತಿಯೊಂದು ಗೋರಿಗೂ ಫಲಕ ನೆಟ್ಟು, ಆ ಜೀವಿಗೊಂದು ಹೆಸರಿಟ್ಟು, ಹುಟ್ಟಿದ ದಿನ ತಿಳಿಯದೆಂದು ಬರೆದು, ತನಗೆ ಸಿಕ್ಕಿದ ದಿನವನ್ನೇ ಮರಣದಿನವೆಂದು ಗುರುತಿಸಿ, ಹೆಸರಿನ ಕೊನೆಯಲ್ಲಿ ಆ ರೈತನ ಮನೆತನದ ಹೆಸರನ್ನೇ ಸೇರಿಸಿದನು. ಬಸವನಹುಳುವೊಂದನ್ನು ತನ್ನನ್ನು ಸಾಕಿದವರ ಕುಟುಂಬಕ್ಕೆ ಸೇರಿಸಿಕೊಂಡ ಮಗುವಿಗೆ ಮಮತೆಯಿಲ್ಲವೆಂದು ಹೇಳಲು ನನಗೆ ನಾಲಗೆ ಬಾರದು.

ಕ್ಯಾನರರು 1945ರಲ್ಲಿ ಅಲ್ಲಿಗೆ ಹೋಗಿ, ಆ ದಂಪತಿಗಳ ವಿವೇಕಕ್ಕೆ ಬೆರಗಾದರು. ಹಾಗಿದ್ದೂ, ನಾಲ್ಕೇ ವರ್ಷಗಳ ತರುವಾಯ, ಈ ಮಕ್ಕಳು ಹೆಪ್ಪು ಕರಗದ ರೆಫ್ರಿಜರೇಟರಿನಲ್ಲಿ ಇರಿಸಿದಂತೆ ಬೆಳೆದವರೆಂದು ಬರೆದು, ತಂದೆತಾಯಿಗಳ ಶೈತ್ಯದ ಕಡೆಗೆ ಬೆರಳು ತೋರಿದವರೂ ಅವರೇ! ಆಮೇಲಿನ ಎರಡು ದಶಕಗಳನ್ನು ಬೇಗನೆ ದಾಟಿಬಿಡುತ್ತೇನೆ. ಶಿಕಾಗೋದ ಬ್ರೂನೋ ಬೆಟಲ್‌ಹೈಮರು 1967ರ ಗ್ರಂಥದಲ್ಲಿ ಆ ಆರೋಪಕ್ಕೆ ಮತ್ತಷ್ಟು ಬಲಕೊಟ್ಟರು. ಎಷ್ಟೋ ತಾಯಂದಿರು ಮಾಡದ ಅಪರಾಧಕ್ಕಾಗಿ ಮನೆಯ ಮೂಲೆಯಲ್ಲಿ ಅತ್ತರು. ತಾವೂ ಇಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಾಂಡರು 1964ರಲ್ಲಿಯೇ ಆ ಆರೋಪವನ್ನು ಖಂಡಿಸಿ ಬರೆದಿದ್ದರು. 1969ರಲ್ಲಿ ಪೋಷಕರ ಸಭೆಯ ಮುಂದೆ ನಿಂತು ಕ್ಯಾನರರು ಅವರನ್ನು ದೋಷಮುಕ್ತರೆಂದು ಸಾರಿದರು.

ಪ್ರಯೋಗಗಳು ಬಂದುದು ಇನ್ನೂ ಆಮೇಲೆ. 1984ರಲ್ಲಿ ಮೇರಿಯನ್ ಸಿಗ್ಮನ್ ಮತ್ತು ಜೂಡಿ ಅಂಗೆರರು, ಆಟಿಸಂ ಉಳ್ಳ ಎಳೆಯ ಮಕ್ಕಳನ್ನು ತಾಯಿಯಿಂದ ಕೊಂಚ ಹೊತ್ತು ಅಗಲಿಸಿ ಮತ್ತೆ ಸೇರಿಸಿ ನೋಡಿದಾಗ, ಅಪರಿಚಿತರಿಗಿಂತ ತಾಯಿಯತ್ತಲೇ ಅವು ಹೆಚ್ಚಾಗಿ ವಾಲಿದುವು. ತಾಯಂದಿರಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು, ಕೇಳಿದವರಿರಲಿಲ್ಲ. 2001ರಲ್ಲಿ ವಿ.ಎಸ್. ರಾಮಚಂದ್ರನ್ನರೂ ಸಂಗಡಿಗರೂ ಇಂಥ ಮಕ್ಕಳ ಚರ್ಮದ ಬೆವರಿನ ವಿದ್ಯುತ್ ಸ್ಪಂದನವನ್ನು ಅಳೆದು, ಅನೇಕರಲ್ಲಿ ಒಳಗಿನ ಉದ್ವೇಗವು ಬಹಳ ಹೆಚ್ಚಾಗಿರುವುದನ್ನೂ, ಒಣ ಕಾಳುಗಳಲ್ಲಿ ಕೈಯಾಡಿಸುವಂಥ ಕ್ರಿಯೆಗಳಿಂದ ಅದು ಶಮನಗೊಳ್ಳುವುದನ್ನೂ ಕಂಡರು. ಹೊರಗಿನವರಿಗೆ ಅರ್ಥಹೀನವೆನಿಸುವ ಪುನರಾವರ್ತನೆಯು ಮಗುವಿಗೆ ಆಶ್ರಯವಾಗಿರಬಹುದೆಂಬ ಹೊಳಹು ಅದರಿಂದ ದೊರೆಯಿತು.

2012ರಲ್ಲಿ, ಸ್ವತಃ ಆಟಿಸಂ ಉಳ್ಳ ವಿದ್ವಾಂಸರಾದ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ನರು, ಪರಸ್ಪರ ಭಾವವನ್ನು ಅರಿಯದಿರುವ ಕೊರತೆಯು ಒಂದೇ ಪಕ್ಷದ್ದಲ್ಲ, ಉಭಯಪಕ್ಷಗಳದ್ದು ಎಂದು ವಾದಿಸಿದರು. ಕ್ಯಾನರರ ಲೇಖನವು ಹೊರಬಂದು ಆಗಲೇ ಅರುವತ್ತೊಂಬತ್ತು ವರ್ಷಗಳು ಸಂದಿದ್ದುವು. ಅಷ್ಟರಲ್ಲಿ ಡೊನಾಲ್ಡನು ಕಾಲೇಜು ಮುಗಿಸಿ, ತನ್ನೂರಿನ ಬ್ಯಾಂಕಿನಲ್ಲಿ ದುಡಿದು, ಗಾಲ್ಫ್ ಆಡಿ, ದೇಶವಿದೇಶಗಳನ್ನು ಒಬ್ಬನೇ ಸುತ್ತಿ ಬಂದು, ಎಪ್ಪತ್ತೆಂಟರ ವೃದ್ಧನಾಗಿದ್ದನು.