ಬಂದಳಿಕೆ ಬಿತ್ತುವ ಹಕ್ಕಿ



ಮಾವಿನ ಮರದ ಒಂದು ಕೊಂಬೆಯಲ್ಲಿ ಮಾತ್ರ ಬೇರೆ ಬಗೆಯ ಎಲೆಗಳ ಗುಂಪು ಕಂಡರೆ, ಅದು ಬಂದಳಿಕೆ. ಹಸಿರೆಲೆ ಇರುವುದರಿಂದ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಮರದಿಂದ ಮುಖ್ಯವಾಗಿ ನೀರು, ಲವಣಗಳನ್ನು ಹೀರುತ್ತದೆ. ಇದರ ಬೀಜ ನೆಲಕ್ಕೆ ಬಿದ್ದರೆ ಬದುಕಿಲ್ಲ, ಜೀವಂತ ಕೊಂಬೆಯೇ ಬೇಕು.

ಅಲ್ಲಿಗೆ ಮುಟ್ಟಿಸುವುದು ಬದನಿಕೆ ಹಕ್ಕಿ. ಉದ್ದ ಕೇವಲ 8 ಸೆಂಟಿಮೀಟರ್. ಹಣ್ಣು ನುಂಗಿದ ಸ್ವಲ್ಪ ಹೊತ್ತಿಗೇ ಬೀಜ ಹೊರಬರುತ್ತದೆ, ಮೈಗೆಲ್ಲ ಅಂಟು ಮೆತ್ತಿಕೊಂಡು. ಅಂಟು ಸುಲಭಕ್ಕೆ ಬಿಡದ್ದರಿಂದ ಹಕ್ಕಿ ಕೂತ ರೆಂಬೆಗೇ ಹಿಂಭಾಗ ಒರೆಸುತ್ತದೆ. ಬಿತ್ತನೆ ಮುಗಿಯಿತು! ಕೊಂಕಣದಲ್ಲಿ ಈ ನಂಟನ್ನು ಗಮನಿಸಿ ಪಕ್ಷಿತಜ್ಞ ಸಲೀಂ ಅಲಿ 1931ರಲ್ಲೇ ಬರೆದರು.

ಹಣ್ಣು ಬೇಗ ಅರಗುವುದರಿಂದ ಹಕ್ಕಿ ದೂರ ಹೋಗುವ ಮೊದಲೇ ಬಹಳಷ್ಟು ಬೀಜ ಅದೇ ಮರಕ್ಕೋ ಪಕ್ಕದ ಮರಕ್ಕೋ ಅಂಟುತ್ತದೆ. ಹಣ್ಣು ಹೆಚ್ಚಿದ್ದಲ್ಲಿಗೇ ಹಕ್ಕಿ ಮತ್ತೆ ಮತ್ತೆ ಬರುತ್ತದೆ. ಒಂದು ಮರ ಬಂದಳಿಕೆಯಿಂದ ತುಂಬಿ, ತುಸು ಆಚೆಯ ಮರ ಶುಭ್ರವಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರು ಬಂದಳಿಕೆಯನ್ನು ಉಪ್ಪಿಲು ಎನ್ನುತ್ತಾರೆ. ನೆಲ್ಲಿಮರಗಳನ್ನು ಅದು ಸೊರಗಿಸುವುದನ್ನು ಕಂಡವರು ಅವರು. ಹಿಂದೆ ಕಾಡಿನ ಒಣ ಎಲೆಗೆ ಹಾಕುತ್ತಿದ್ದ ತರಗುಬೆಂಕಿ ನಿಂತದ್ದರಿಂದಲೇ ಉಪ್ಪಿಲು ಏರಿತು ಎನ್ನುತ್ತಾರೆ. ಕಾಡಿನಲ್ಲೇ ಬಾಳಿದವರ ಈ ಮಾತಿಗೆ ನಾವು ಕಿವಿಗೊಡಬೇಕು.

ಹಾಗೆಂದು ಬಂದಳಿಕೆಯನ್ನು ಬೇರುಸಹಿತ ನಿರ್ನಾಮ ಮಾಡಬೇಕೇ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಸಂಶೋಧಕ ಡೇವಿಡ್ ವಾಟ್ಸನ್ ಮತ್ತು ಸಂಗಡಿಗರು ಕೆಲವು ಕಾಡುತುಣುಕುಗಳಿಂದ ಅದನ್ನು ತೆಗೆದುಹಾಕಿ ನೋಡಿದರು. ಮೂರು ವರ್ಷದ ಹೊತ್ತಿಗೆ ಅಲ್ಲಿನ ಹಕ್ಕಿ ಪ್ರಭೇದಗಳಲ್ಲಿ ಸರಾಸರಿ ಐದರಲ್ಲೊಂದು ಪಾಲು ಇಲ್ಲವಾಗಿತ್ತು. ಹಣ್ಣು ತಿನ್ನುವವುಗಳಿಗಿಂತ ಹೆಚ್ಚು ಪೆಟ್ಟು ತಿಂದದ್ದು ಹುಳು ಹಿಡಿಯುವ ಹಕ್ಕಿಗಳು. ಬಂದಳಿಕೆಯ ಉದುರೆಲೆ ನೆಲದ ಹುಳುಗಳಿಗೆ ಮೇವು, ಆ ಹುಳು ಹಕ್ಕಿಗಳಿಗೆ ಆಹಾರ. ಪರಾವಲಂಬಿ ಎಂದು ನಾವು ಜರೆಯುವ ಗಿಡವನ್ನು ನಂಬಿ ಇಷ್ಟೊಂದು ಜೀವಗಳು ನಿಂತಿವೆ.

ರೈತ ಬಂಧುಗಳೇ, ತೋಟದ ಮರದಲ್ಲಿ ಬಂದಳಿಕೆ ಕಂಡರೆ ಹಣ್ಣಾಗುವ ಮೊದಲೇ ತೆಗೆಯಿರಿ. ಎಲೆ ಸವರಿದರೆ ಸಾಲದು, ಬೇರು ಕೊಂಬೆಯ ಒಳಗಿರುತ್ತದೆ. ಅಂಟಿದ ಜಾಗಕ್ಕಿಂತ ತುಸು ಕೆಳಗೆ ಕೊಂಬೆಯನ್ನೇ ಕತ್ತರಿಸಿ. ಊರಾಚೆಯ ಗೋಮಾಳದಲ್ಲಿ, ಕಾಡಂಚಿನಲ್ಲಿ ಇರುವುದನ್ನು ದಯವಿಟ್ಟು ಹಕ್ಕಿಗಳಿಗೆ ಬಿಡಿ.