ಕುಡಿತ ಬಿಡುವವರ ಸಭೆ: ಸದಸ್ಯರಲ್ಲಿ ಒಂದು ಮನವಿ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಎಲ್ಲವನ್ನೂ ಹಿರಿಯರು ಹೇಳಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಬರೆಯದ ಒಂದು ವಿಚಾರ ಹೇಳಲು ನಾವು ನಿಂತಿದ್ದೇವೆ. ಅದು ಬಟವಾಡೆ ದಿನದ ಸಂಜೆಯ ವಿಚಾರ. ಹುಲ್ಲು ಹೊತ್ತು, ಕೊಟ್ಟಿಗೆ ಬಾಚಿ, ಹಾಲು ಕರೆದು ತರುವವರು ಹೆಣ್ಣುಮಕ್ಕಳು. ಕೆಲವು ಮನೆಗಳಲ್ಲಿ ಆ ದುಡ್ಡು ಮನೆ ಸೇರುವ ಮೊದಲೇ ವೈನ್ ಶಾಪು ಸೇರುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಕುಡಿತವೂ ನಿಂತೀತು ಅಂದುಕೊಂಡೆವು. ಪ್ಯಾಕೆಟ್ ಹೋಯಿತು, ಕ್ವಾರ್ಟರ್ ಬಾಟ್ಲಿ ಬಂತು.

ಕೆಲವು ವರ್ಷದ ಹಿಂದೆ ನಮ್ಮ ಸದಸ್ಯನೊಬ್ಬನ ಹೆಂಡತಿ ಬಂದು, ಬಟವಾಡೆ ತನ್ನ ಕೈಗೇ ಕೊಡಿ ಎಂದು ಅತ್ತರು. ಅವನು ಸಂಘದ ಮುಂದೆ ಕೂಗಾಡಿದ. ದೇವರ ಮೇಲೆ ಆಣೆ ಇಟ್ಟ, ಮುರಿದ. ಕುಡುಕನ ಮಾತು ಬೆಳಗಾದರೆ ಹೋಯಿತು ಎಂದು ನಾವೂ ನಕ್ಕೆವು. ಒಂದು ಬೆಳಗ್ಗೆ ಕೈ ನಡುಗಿ ಅವನ ಹಾಲೆಲ್ಲ ಸಂಘದ ಬಾಗಿಲಲ್ಲೇ ಚೆಲ್ಲಿತು. ಅಲ್ಲೇ ಕೂತು, "ಅಣ್ಣಾ, ಬಿಡಬೇಕು ಅಂತ ಐತೆ, ಆಗ್ತಾ ಇಲ್ಲ" ಅಂದ. ಆವತ್ತು ನಮಗೆ ನಗು ಬರಲಿಲ್ಲ.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದಿನಾ ವಿಪರೀತ ಕುಡಿಯುವವನು ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದು, ಬುದ್ಧಿ ಕದಡಬಹುದು, ಜೀವಕ್ಕೂ ಅಪಾಯ. ಆದ್ದರಿಂದ ಮೊದಲು ವೈದ್ಯರು, ಆಮೇಲೆ ವಾರ ವಾರ ಸಭೆ ಎಂದು ಡಾಕ್ಟರು ಹೇಳಿದರು.

ಯಾವ ಸಭೆ? ಆಲ್ಕೋಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ. ಅನ್ನುತ್ತಾರೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯಾಪಾರಿ, ಒಬ್ಬ ಡಾಕ್ಟರು, ಇಬ್ಬರೂ ಕುಡಿತದಿಂದ ನೊಂದವರು, ಸೇರಿ ಶುರು ಮಾಡಿದ್ದು. ಕುಡಿತ ಬಿಟ್ಟವನೇ ಬಿಡಬೇಕೆನ್ನುವವನಿಗೆ ಆಸರೆ. ಫೀಸಿಲ್ಲ, ಜಾತಿ ಮತ ಕೇಳುವುದಿಲ್ಲ. ಬಿಡಬೇಕೆಂಬ ಆಸೆ ಇದ್ದರೆ ಸಾಕು. ಮಾತಾಡಲೇಬೇಕೆಂಬ ಬಲವಂತವಿಲ್ಲ, ಕೇಳುತ್ತಾ ಕೂರಬಹುದು. ಅಲ್ಲಿ ಕೇಳಿದ್ದು ಹೊರಗೆ ಆಡುವ ಹಾಗಿಲ್ಲ. ಜನ್ಮ ಪೂರ್ತಿ ಬಿಡು ಅನ್ನುವುದಿಲ್ಲ, ಇವತ್ತೊಂದು ದಿನ ಕುಡಿಯಬೇಡ ಅನ್ನುತ್ತಾರೆ.

ಸಭೆ ಪಟ್ಟಣದ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಮೊದಲ ಭಾನುವಾರ ಅವನು ಎದುರಿನ ಟೀ ಅಂಗಡಿಯಲ್ಲೇ ನಿಂತ. ಪರಿಚಯದವರು ಕಂಡರು ಎಂದು ಹಾಗೇ ವಾಪಸ್ ಬಸ್ ಹತ್ತಿದ. ಬಸ್ ಚಾರ್ಜು ದಂಡ ಎಂದು ನಮಗೆ ಸಿಟ್ಟೇ ಬಂತು. ಮುಂದಿನ ವಾರ ನಾವು ಟೀ ಅಂಗಡಿಯಲ್ಲಿ ಕೂತೆವು, ಅವನು ಒಳಗೆ ಹೋದ. ಹೊರಗೆ ಬಂದವನು, "ಅಣ್ಣಾ, ನನ್ನ ಕಥೇನೇ ಅಲ್ಲಿ ಬೇರೆ ಯಾರೋ ಹೇಳ್ತಿದ್ದ" ಅಂದ. ಆ ವರ್ಷದ ಹೊಸತೊಡಕಿಗೆ ಮತ್ತೆ ಕುಡಿದ. ನಾಚಿಕೊಂಡೇ ಮತ್ತೆ ಹೋದ. ಯಾರೂ ಬೈಯಲಿಲ್ಲ, ಕುರ್ಚಿ ಸರಿಸಿ ಕೊಟ್ಟರು. ಇವತ್ತಿಗೂ ಹೋಗುತ್ತಾನೆ. ಅವನ ಒಪ್ಪಿಗೆ ಪಡೆದೇ ಇಷ್ಟು ಹೇಳಿದ್ದೇವೆ. ಯಾರೆಂದು ಗೊತ್ತಾದವರು ಗೊತ್ತಿಲ್ಲದ ಹಾಗೇ ಇರಿ.

ಸಭೆ ಎಲ್ಲಿದೆ ಎಂದು ಹುಡುಕುವುದು ಕಷ್ಟವಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕೇಳಿ. ವ್ಯಸನ ಬಿಡಿಸುವ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಇವಕ್ಕೆ ಫೋನ್ ಮಾಡಿ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರಿಗೆ ನವಜೀವನ ಸಮಿತಿಗಳಿವೆ. ಹೊರಡುವ ಮುಂಚೆ ವಾರ, ವೇಳೆ ವಿಚಾರಿಸಿಕೊಳ್ಳಿ. ಕುಡಿಯುವವರಿಗೆ ಮಾತ್ರದ ಸಭೆ ಬೇರೆ, ಮನೆಯವರೂ ಹೋಗಬಹುದಾದ ಸಭೆ ಬೇರೆ. ಒಂದು ಕಡೆ ಹಿಡಿಸದಿದ್ದರೆ ಇನ್ನೊಂದು ಕಡೆ ನೋಡಿ. ಮನೆಯವರಿಗೇ ಅಂತ ಅಲ್‌ಅನಾನ್ ಎಂಬ ಸಭೆಗಳೂ ಇವೆ, ಅವನು ಬಿಡದಿದ್ದರೂ ನೀವು ಹೋಗಬಹುದು. ತಾಯಂದಿರೇ, ಗೊತ್ತಾಗದ ಹಾಗೆ ಅನ್ನದಲ್ಲಿ ಔಷಧಿ ಮಾತ್ರ ಬೆರೆಸಬೇಡಿ. ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಕುತ್ತು ಬರಬಹುದು.

1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ಸಾಲದಲ್ಲಿ ಮುಳುಗಿದ ರೈತ ಇನ್ನೊಬ್ಬ ರೈತನ ಕೈ ಹಿಡಿಯಲಿ ಎಂದು. ತನಗಾಗಿ ಎಲ್ಲರೂ, ಎಲ್ಲರಿಗಾಗಿ ತಾನು ಎನ್ನುವ ನಮ್ಮ ಮಾತು ಆ ಕೋಣೆಯಲ್ಲೂ ನಡೆಯುತ್ತಿದೆ. ಅದಕ್ಕೇ ಆಡಳಿತ ಮಂಡಳಿಯಲ್ಲಿ ಒಂದು ಬೇಡಿಕೆ: ವಾರಕ್ಕೊಂದು ಸಂಜೆ ನಮ್ಮ ಮೇಲಿನ ಕೋಣೆಯನ್ನು ಇಂಥ ಸಭೆಗೆ ಬಿಟ್ಟುಕೊಡೋಣ. ಎ.ಎ.ಯವರು ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ. ಬಂದವರು ಕೈಲಾದಷ್ಟು ಹಾಕಿದ್ದರಲ್ಲೇ ಬಾಡಿಗೆ ಕೊಡುತ್ತಾರೆ. ಎಷ್ಟು ಕೊಟ್ಟರೂ ರಸೀದಿ ಹಾಕಿ ತೆಗೆದುಕೊಳ್ಳೋಣ.

ಸದಸ್ಯರಲ್ಲಿ ಕೇಳುವುದಿಷ್ಟೇ. ಆ ಮೆಟ್ಟಿಲು ಹತ್ತುವವನನ್ನು ನೋಡಿ ನಗಬೇಡಿ. ಸಾಧ್ಯವಾದರೆ ಮೊದಲ ದಿನ ಜೊತೆಗೆ ಹೋಗಿ, ಕೆಳಗೆ ಕಾದು ಕೂತಿರಿ.

ಜೈ ಸಹಕಾರ.